ಕುದುರೆ ಹಿಡಿದವನ ಹೆಸರೇನು?

ನಮ್ಮ ಮದ್ದೂರು ತಾಲ್ಲೂಕಿನಲ್ಲಿ ಒಂದು ನಾಯಿಗೆ ಕಲ್ಲು ನೆಟ್ಟಿದ್ದರು. ಬೆಸಗರಹಳ್ಳಿಯ ಮೇಷ್ಟ್ರುಗಳಿಗೆ, ಮದ್ದೂರು ಮಳವಳ್ಳಿ ಕಾಲೇಜಿನ ಹುಡುಗರಿಗೆ ಇದು ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರು ಆತಕೂರು, ಜನರ ಬಾಯಲ್ಲಿ ಆತಗೂರು. ಕಲ್ಲು ಕ್ರಿ.ಶ. 949-50ರದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಬಿದ್ದ ಯುದ್ಧದಲ್ಲಿ ಗಂಗ ಬೂತುಗನ ಆಳು ಮಣಲೆರ ಕಾದಾಡಿದ. ಮೆಚ್ಚಿದೆ, ಏನು ಬೇಕು ಕೇಳು ಅಂದಾಗ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದಿನ ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನೆಟ್ಟರು. ಕಲ್ಲಿಗೆ ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟರು.

ನಾಯಿಗೆ ಕಲ್ಲು ನೆಟ್ಟದ್ದಕ್ಕೆ ನನ್ನ ತಕರಾರಿಲ್ಲ. ನಂಬಿದ ಪ್ರಾಣಿ, ನೆನೆದರು. ನನ್ನ ಪ್ರಶ್ನೆ ಬೇರೆ. ಅದಾಗಿ ಹೆಚ್ಚುಕಮ್ಮಿ ಸಾವಿರ ವರ್ಷದ ಮೇಲೆ, 1914ರಲ್ಲಿ, ಇದೇ ಮೈಸೂರು ಸೀಮೆಯಿಂದ ಆಳುಗಳನ್ನೂ ಕುದುರೆಗಳನ್ನೂ ಹಡಗಿಗೆ ಹತ್ತಿಸಿ ಕಡಲಾಚೆಯ ಯುದ್ಧಕ್ಕೆ ಕಳಿಸಿದರು. ಸವಾರನ ಕಥೆಯನ್ನು ನಾವು ಕೇಳಿದ್ದೇವೆ. ಅವನ ಕುದುರೆಗೆ ಹುಲ್ಲು ಹಾಕಿದವನು, ಲದ್ದಿ ಬಾಚಿದವನು, ಜೀನಿನ ತೊಗಲು ಹೊಲಿದವನು, ಪಾಳೆಯದ ಕಕ್ಕಸು ತೊಳೆದವನು, ಇವರ ಹೆಸರೇನು? ಕಾಳಿಗಿದ್ದ ಅದೃಷ್ಟ ಇವರಿಗೆ ಯಾಕಿಲ್ಲ?

*

ಇದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಒಂದು ಪದದ ಬೆನ್ನು ಹತ್ತಬೇಕು. ಕಂದಾಚಾರ. ಇವತ್ತು ಕಂದಾಚಾರ ಅಂದರೆ ಮೂಢ ಆಚಾರ. ಭಾಷಣಕ್ಕೆ ನಿಂತಾಗ ನಾವೆಲ್ಲ ಹತ್ತು ಸಲ ಬೈಯುವ ಮಾತು. ಆದರೆ ಹಳೇ ಮೈಸೂರಿನ ಕಡತಗಳಲ್ಲಿ ಕಂದಾಚಾರ ಅನ್ನೋದು ಒಂದು ಇಲಾಖೆ. ಊರೂರಲ್ಲಿ ಉಳುಮೆ ಮಾಡಿಕೊಂಡಿದ್ದು, ಕರೆ ಬಂದಾಗ ಕೋವಿ ಹಿಡಿದು ಹೊರಡುವ ಅರೆಕಾಲಿಕ ಸಿಪಾಯಿಗಳ ಪಡೆ ಅದು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆಯುಧ ಹಿಡಿದು ಬದುಕಿದ್ದ ಸಾವಿರಾರು ಜನಕ್ಕೆ ಕೂಳಿಲ್ಲದಂತಾಯಿತು. ಅವರನ್ನು ಹಾಗೇ ಬಿಟ್ಟರೆ ದಂಗೆ ಏಳುತ್ತದೆ ಅಂತ ದಿವಾನ ಪೂರ್ಣಯ್ಯ ಲೆಕ್ಕ ಹಾಕಿದ. ಸುಮಾರು 20 ಸಾವಿರ ಜನರನ್ನು ಕಂದಾಚಾರದಲ್ಲಿ ಉಳಿಸಿಕೊಂಡ. ಊರಲ್ಲಿದ್ದಾಗ ಚೂರು ಸಂಬಳ, ಕೆಲವರಿಗೆ ತುಂಡು ಭೂಮಿ; ಸೇವೆಗೆ ಕರೆದಾಗ ಹೆಚ್ಚಿನ ಸಂಬಳ. ಅರ್ಧ ರೈತ, ಅರ್ಧ ಸಿಪಾಯಿ. ಸರ್ಕಾರಕ್ಕೆ ಇದರಲ್ಲಿ ಲಾಭವೇ ಲಾಭ. ವರ್ಷಪೂರ್ತಿ ಸಾಕುವ ಹಾಗಿಲ್ಲ, ಬೇಕೆಂದಾಗ ಸಿಗುತ್ತಾನೆ. ಸಂಬಳ ಅರ್ಧ, ಸಾವು ಮಾತ್ರ ಪೂರ್ತಿ.

ಕೋವಿ ಹಿಡಿದವನಿಗೆ ಅಷ್ಟಾದರೂ ಇತ್ತು. ಅವನ ಮುಂದೆ ದಾರಿ ತೋರಿಸುತ್ತ, ತಲೆ ಮೇಲೆ ಮೂಟೆ ಹೊತ್ತು ನಡೆದ ಕೇರಿಯವನಿಗೆ? ಅಮಲ್ದಾರ ಬರಲಿ, ಪಲ್ಟನ್ ಬರಲಿ, ಸಾಮಾನು ಹೊರಲು ತೋಟಿಯ ಹಟ್ಟಿಗೇ ಕೂಗು. ಅದಕ್ಕೆ ಬಿಟ್ಟಿ ಅಂತ ಹೆಸರು. ಹಳಗನ್ನಡದಲ್ಲಿ ಬೆಸ ಅನ್ನೋ ಮಾತಿದೆ. ಅಪ್ಪಣೆಗೂ ಅದೇ, ಊಳಿಗಕ್ಕೂ ಅದೇ. ಅಪ್ಪಣೆ ಮಾಡಿದವನದೂ ಬೆಸ, ಗೇದವನದೂ ಬೆಸ. ಭಾಷೆಯಲ್ಲಿ ಇಬ್ಬರಿಗೂ ಒಂದೇ ಪದ, ಶಾಸನದಲ್ಲಿ ಮಾತ್ರ ಒಬ್ಬನದೇ ಹೆಸರು.

1831ರಲ್ಲಿ ನಗರದ ರೈತರು ದಂಗೆ ಎದ್ದ ಮೇಲೆ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅವರ ಕಮಿಷನರುಗಳ ಕಾಲದಲ್ಲಿ ಕಂದಾಚಾರ ಕರಗುತ್ತ ಹೋಯಿತು. ಪಡೆ ಹೋಯಿತು, ಪದ ಉಳಿಯಿತು, ಅರ್ಥ ಕೆಟ್ಟಿತು. ಆದರೆ ಆ ಲೆಕ್ಕಾಚಾರ ಇದೆಯಲ್ಲ, ಅರ್ಧ ಕೊಟ್ಟು ಪೂರ್ತಿ ತೆಗೆದುಕೊಳ್ಳುವುದು, ಅದು ಸಾಯಲಿಲ್ಲ. ಬ್ರಿಟಿಷರ ಸೈನ್ಯದಲ್ಲಿ ಅದಕ್ಕೆ ರಿಸರ್ವ್ ಅಂತ ಹೊಸ ಹೆಸರು ಬಂತು.

*

1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಾಗ ಇಂಡಿಯಾದ ಸೈನ್ಯದ ರಿಸರ್ವ್ ಪಟ್ಟಿಯಲ್ಲಿ ಸುಮಾರು 35 ಸಾವಿರ ಜನ ಇದ್ದರು. ಒಂದು ಕಾಲಕ್ಕೆ ಪಲ್ಟನ್ನಿನಲ್ಲಿದ್ದು ಊರಿಗೆ ಮರಳಿದವರು. ಮದುವೆ ಮಕ್ಕಳು ಆಗಿ, ಹೊಲ ಉತ್ತು, ಬೆನ್ನು ಬಾಗಿದವರು. ಆಗೊಮ್ಮೆ ಈಗೊಮ್ಮೆ ಹೋಗಿ ಕೆಲವು ದಿನ ಕವಾಯತು ಮಾಡಿ ಬರುತ್ತಿದ್ದರು, ಅದಕ್ಕೆ ತಿಂಗಳಿಗೆ ಚಿಲ್ಲರೆ ಕಾಸು. ಒಂದು ದಿನ ಕಾಗದ ಬಂತು, ಹೊರಡಿ ಅಂತ. ಮಾರ್ಸೇಲ್ಸ್ ಬಂದರಿನಲ್ಲಿ ಇಳಿಸಿ, ಬಿಸಿಲು ನಾಡಿನ ತೆಳು ಬಟ್ಟೆಯಲ್ಲೇ ಫ್ರಾನ್ಸಿನ ಚಳಿಗಾಲದ ಕಂದಕಕ್ಕೆ ಇಳಿಸಿದರು. ಮುಂದಿದ್ದವರು ಸತ್ತಹಾಗೆಲ್ಲ ಅವರ ಜಾಗಕ್ಕೆ ಈ ಹಳೇ ಆಳುಗಳು. ಹಲ್ಲು ಉದುರಿದವರು, ಉಬ್ಬಸದವರು, ಕಣ್ಣು ಮಂಜಾದವರು ಇದ್ದಾರೆ ಅಂತ ಇಂಗ್ಲಿಷ್ ಸೇನಾಧಿಕಾರಿಗಳೇ ಗೊಣಗಿಕೊಂಡರು. ಕೆಲಸಕ್ಕೆ ಬಾರದವರು ಅಂತ ಬರೆದಿಟ್ಟರು.

ಗಮನಿಸಿ, ಬೈಗುಳ ಯಾರಿಗೆ ಬಿತ್ತು? ವಯಸ್ಸಾದವನನ್ನು ಪಟ್ಟಿಯಲ್ಲಿ ಇಟ್ಟವನಿಗಲ್ಲ. ಸರಿಯಾದ ತಾಲೀಮು ಕೊಡದೆ, ಬೆಚ್ಚನೆ ಬಟ್ಟೆ ಕೊಡದೆ ಹಡಗು ಹತ್ತಿಸಿದವನಿಗಲ್ಲ. ಬೈಗುಳ ಬಿದ್ದದ್ದು ಹಲ್ಲಿಲ್ಲದ ಮುದುಕನಿಗೆ.

ದಕ್ಷಿಣದಲ್ಲೂ ಇದೇ ಆಯಿತು. ಅದೇ 1914ರ ಅಕ್ಟೋಬರಿನಲ್ಲಿ ಬೆಂಗಳೂರು ಬ್ರಿಗೇಡ್ ಎಂಬ ಹೆಸರಿನ ತುಕಡಿ ಬೊಂಬಾಯಿಂದ ಹಡಗು ಹತ್ತಿತು. ಒಟ್ಟು ಸುಮಾರು 8 ಸಾವಿರ ಜನರ ಪಡೆಯಲ್ಲಿ ಅದೂ ಒಂದು. ಹೋದದ್ದು ಪೂರ್ವ ಆಫ್ರಿಕಾಕ್ಕೆ, ಜರ್ಮನರ ಕೈಲಿದ್ದ ಟಾಂಗಾ ಬಂದರಿಗೆ. ವಾರಗಟ್ಟಲೆ ಹಡಗಿನ ಒಡಲಲ್ಲಿ ವಾಂತಿ ಮಾಡಿಕೊಂಡು ಸೊರಗಿದ್ದವರನ್ನು ನವೆಂಬರ್ 2ರಿಂದ ದಡಕ್ಕಿಳಿಸಿ ನೇರ ಗುಂಡಿನ ಬಾಯಿಗೆ ನೂಕಿದರು. ನಾಲ್ಕೇ ದಿನದಲ್ಲಿ ಸೋತು ಹಿಂದೆ ಸರಿದರು. ಯೋಜನೆ ಹಾಕಿದ ಜನರಲ್ ತಪ್ಪಿಗಿಂತ ದೊಡ್ಡ ಸುದ್ದಿಯಾದದ್ದು ಮದರಾಸು ಕಡೆಯ ಸಿಪಾಯಿಗಳು ಓಡಿದರು ಅನ್ನೋದು. ದಕ್ಷಿಣದವರು ಯುದ್ಧ ಮಾಡುವ ಜಾತಿಯಲ್ಲ ಅನ್ನೋ ಮಾತಿಗೆ ಅವರಿಗೆ ಇನ್ನೊಂದು ಪುರಾವೆ ಸಿಕ್ಕಿತು.

*

ಯುದ್ಧ ಮಾಡುವ ಜಾತಿ! ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ವರ್ಣಾಶ್ರಮಕ್ಕೂ ಬಿಳಿಯರ ಸೈನ್ಯಕ್ಕೂ ಸಂಬಂಧ ಬೆಳೆದದ್ದು ಇಲ್ಲೇ.

ದಲಿತರು ಕೋವಿ ಹಿಡಿದೇ ಇರಲಿಲ್ಲವೆ? ಹಿಡಿದಿದ್ದರು. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ಸೈನ್ಯದ ಎದುರು ನಿಂತ ಕಂಪನಿಯ ಸಿಪಾಯಿಗಳಲ್ಲಿ ಮಹಾರರು ಇದ್ದರು. ಬೆಂಗಳೂರಿನ ಹಲಸೂರಿನಲ್ಲಿ ನೆಲೆ ನಿಂತ ಮದರಾಸು ಸ್ಯಾಪರ್ಸ್ ಪಡೆ, ಅಂದರೆ ಸೇತುವೆ ಕಟ್ಟುವ, ಕೋಟೆಗೆ ಸುರಂಗ ಕೊರೆಯುವ ಪಡೆ. ಅದರಲ್ಲಿ ಪರೆಯರ ಮಕ್ಕಳು ತಲೆಮಾರುಗಟ್ಟಲೆ ದುಡಿದರು. ಚೀನಾ, ಬರ್ಮಾ, ಅಬಿಸೀನಿಯಾ, ಎಲ್ಲಿಗೆ ಅಂದರೆ ಅಲ್ಲಿಗೆ ಹೋದರು. ಅಂಬೇಡ್ಕರ್ ಅವರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದೇ ಮಹೂ ಎಂಬ ದಂಡಿನ ಊರಿನಲ್ಲಿ.

ಆಮೇಲೆ ಬಂದ ಲಾರ್ಡ್ ರಾಬರ್ಟ್ಸ್‌ನಂಥ ಸೇನಾಪತಿಗಳು ಲೆಕ್ಕ ಬದಲಾಯಿಸಿದರು. ಉತ್ತರದ ಕೆಲವು ಜಾತಿ ಮಾತ್ರ ಕ್ಷಾತ್ರದ್ದು, ಉಳಿದವರು ಉಪಯೋಗಕ್ಕಿಲ್ಲ ಅಂದರು. ಮನು ಹೇಳಿದ್ದನ್ನೇ ಇವರು ಬೂಟು ಹಾಕಿಕೊಂಡು ಹೇಳಿದರು. 1890ರ ದಶಕದ ಮೊದಲಲ್ಲಿ ಮಹಾರರ ಭರ್ತಿ ನಿಂತಿತು. ನಿವೃತ್ತ ಸಿಪಾಯಿ ಗೋಪಾಲ ಬಾಬಾ ವಲಂಗಕರ್ ಅರ್ಜಿ ಬರೆದರು, ಕೇಳುವವರಿರಲಿಲ್ಲ. ಯುದ್ಧ ಜೋರಾಗಿ ಜನ ಸಾಲದೆ ಹೋದಾಗ, 1917ರಲ್ಲಿ, ಬನ್ನಿ ಅಂತ ಕರೆದು 111ನೇ ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿಯಿತು; 1921ರಲ್ಲಿ ಅದನ್ನು ವಿಸರ್ಜಿಸಿದರು. ಮತ್ತೆ ಎರಡನೇ ಮಹಾಯುದ್ಧ ಬಂತು, ಮತ್ತೆ ಕರೆದರು. 1941ರ ಅಕ್ಟೋಬರ್ 1ರಂದು ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ ಎದ್ದು ನಿಂತಿತು.

ಈಗ ಹೇಳಿ, ಅರೆಕಾಲಿಕ ಸಿಪಾಯಿ ಯಾರು? ರಿಸರ್ವ್ ಪಟ್ಟಿಯಲ್ಲಿದ್ದ ಮುದುಕ ಒಬ್ಬನೆ? ಒಂದು ಇಡೀ ಜನಾಂಗವನ್ನೇ ಅರೆಕಾಲಿಕ ಮಾಡಿಟ್ಟಿದ್ದರು. ಬೆಂಕಿ ಬಿದ್ದಾಗ ಬಾ, ಆರಿದ ಮೇಲೆ ಹೋಗು. ಊರಿನಲ್ಲೂ ಅದೇ ತಾನೆ ನಮ್ಮ ಪಾಡು? ಸುಗ್ಗಿಗೆ ಬಾ, ಹೆಣ ಎತ್ತೋಕೆ ಬಾ, ಹಬ್ಬದ ದಿನ ತಮಟೆ ಬಡಿಯೋಕೆ ಬಾ. ಪಂಕ್ತಿಗೆ ಮಾತ್ರ ಬರಬೇಡ.

*

ಮೈಸೂರಿಗೆ ಬರೋಣ. 1889ರ ಸುಮಾರಿಗೆ ಬ್ರಿಟಿಷರು ದೇಶೀ ಸಂಸ್ಥಾನಗಳಿಗೆ ಒಂದು ಹೊಸ ಊಳಿಗ ಹಚ್ಚಿದರು: ನಿಮ್ಮ ಖರ್ಚಲ್ಲಿ ಪಡೆ ಸಾಕಿ, ಚಕ್ರವರ್ತಿಗೆ ಬೇಕಾದಾಗ ಕಳಿಸಿ. ಹಾಗೆ ಸಾಕಿದ ಪಡೆಗಳಲ್ಲಿ ಮೈಸೂರು ಲಾನ್ಸರ್ಸ್ ಒಂದು. 1914ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟರು. 50 ಲಕ್ಷ ಅಂದರೆ ಎಷ್ಟು? ಮಂಡ್ಯದವರಿಗೆ ಅರ್ಥವಾಗುವ ಹಾಗೆ ಹೇಳಬೇಕು ಅಂದರೆ, 1911ರಲ್ಲಿ ಕನ್ನಂಬಾಡಿ ಕಟ್ಟೆಗೆ ಮಂಜೂರಾದ ಮೊತ್ತ 81 ಲಕ್ಷ. ಬಯಲಿಗೆ ನೀರು ಹರಿಸುವ ಕಟ್ಟೆಯ ಅರ್ಧಕ್ಕಿಂತ ಹೆಚ್ಚು ದುಡ್ಡು, ನಾವು ಕಾಣದ ಕೈಸರನ ಮೇಲಿನ ಯುದ್ಧಕ್ಕೆ ಹೋಯಿತು. ನಾಲ್ವಡಿಯವರು ಒಳ್ಳೆಯ ಕೆಲಸ ಮಾಡಿದ ದೊರೆ, ಅದನ್ನು ಮರೆಯುವಂತಿಲ್ಲ. ಆದರೂ ಆ ದುಡ್ಡು ಯಾವ ಕಣದಿಂದ ಬಂತು ಅಂತ ಕೇಳದೆ ಇರೋಕಾಗಲ್ಲ. ರಾಗಿ ಬೆಳೆದವನ ಕಂದಾಯದಿಂದ ಬಂತು.

ಲಾನ್ಸರ್ಸ್ ಪಡೆ ಈಜಿಪ್ಟಿಗೆ ಹೋಯಿತು. 1915ರ ಫೆಬ್ರವರಿಯಲ್ಲಿ ತುರ್ಕರು ಸೂಯೆಜ್ ಕಾಲುವೆಯ ಮೇಲೆ ಬಿದ್ದಾಗ ಅಲ್ಲಿ ಕಾವಲಿತ್ತು. ಮುಂದೆ ಪ್ಯಾಲೆಸ್ಟೈನಿಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ. ಜೋಧಪುರದವರೂ ಮೈಸೂರಿನವರೂ ಸೇರಿ ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದು ಕುದುರೆ ಓಡಿಸಿದರು, ಊರು ಗೆದ್ದರು. 1,350 ಜನ ಸೆರೆಸಿಕ್ಕರು. ಈ ಧೈರ್ಯವನ್ನು ಹಗುರ ಮಾಡಿ ಮಾತಾಡುವ ಹಕ್ಕು ನಮಗಿಲ್ಲ. ಕೂಳಿಗಾಗಿ ಪಲ್ಟನ್ ಸೇರಿದ ಬಡವರ ಮಕ್ಕಳು ಆ ಸವಾರರಲ್ಲೂ ಇದ್ದರು, ಹಿಂದೂಗಳೂ ಇದ್ದರು ಮುಸಲ್ಮಾನರೂ ಇದ್ದರು.

ಅವರಿಗೆ ಕಲ್ಲು ಸಿಕ್ಕಿತು. ದೆಹಲಿಯ ತೀನ್ ಮೂರ್ತಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ವಿಗ್ರಹಗಳು ಹೈದರಾಬಾದು, ಜೋಧಪುರ, ಮೈಸೂರು ಲಾನ್ಸರುಗಳ ಗುರುತು. 2018ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದ ಬಳಿಯೂ ಒಂದು ಸ್ಮಾರಕ ಇದೆ.

ಹೈಫಾ ಕಾಳಗದ ಲೆಕ್ಕವನ್ನು ಒಮ್ಮೆ ನೋಡಿ. ಸತ್ತ ಜನ 8, ಗಾಯಗೊಂಡವರು 34. ಸತ್ತ ಕುದುರೆ 60, ಗಾಯಗೊಂಡ ಕುದುರೆ 83. ಕುದುರೆಯ ಲೆಕ್ಕ ಇದೆ. ಬಹಳ ಒಳ್ಳೇದು, ಇರಲಿ. ಆ ಸಾಲನ್ನು ಮೇಲಿಂದ ಕೆಳಗೆ ಓದಿ, ಕೆಳಗಿಂದ ಮೇಲೆ ಓದಿ. ಕುದುರೆ ಹಿಡಿದವನಿಗೆ ಅದರಲ್ಲಿ ಒಂದು ಕಾಲಂ ಇಲ್ಲ.

*

ಸೈನ್ಯದ ಕನ್ನಡಿಯಲ್ಲಿ ನಮ್ಮ ಊರೇ ಕಾಣುತ್ತದೆ. ಆ ಯುದ್ಧಕ್ಕೆ ಇಂಡಿಯಾದಲ್ಲಿ ಭರ್ತಿಯಾದ ಸಿಪಾಯಿಗಳು 8.77 ಲಕ್ಷ. ಸಿಪಾಯಿಯಲ್ಲದವರು 5.63 ಲಕ್ಷ. ಈ ಐದೂಮುಕ್ಕಾಲು ಲಕ್ಷದ ಹತ್ತಿರದ ಜನಕ್ಕೆ ಹಿಂಬಾಲಕರು ಅಂತ ಕರೆದರು. ಹಿಂದೆ ಬಂದವರು! ಹೇಸರಗತ್ತೆ ನಡೆಸುವವರು, ಗಾಯಾಳುಗಳನ್ನು ಹೊರುವವರು, ಅಡಿಗೆಯವರು, ನೀರಿನವರು, ಕುದುರೆ ಕಾಯುವವರು, ಮೋಚಿಗಳು, ಜಾಡಮಾಲಿಗಳು. ಮದರಾಸು ಸೀಮೆಯಲ್ಲಿ ಕುದುರೆ ಕಾಯುವ ಕೆಲಸ ಬಹಳಮಟ್ಟಿಗೆ ಹೊಲಗೇರಿಗಳ ಪಾಲಿಗೇ ಬಿದ್ದಿತ್ತು. ತೊಗಲಿನ ಕೆಲಸ ಯಾರದು, ಕಕ್ಕಸಿನ ಕೆಲಸ ಯಾರದು ಅಂತ ಈ ದೇಶದಲ್ಲಿ ಹುಟ್ಟಿದವನಿಗೆ ಬಿಡಿಸಿ ಹೇಳಬೇಕೆ?

ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ. ಇವರಿಗೆ ಅದಕ್ಕಿಂತ ಕಮ್ಮಿ. ಜನ ಸಿಗದೆ ಪರದಾಡಿದಾಗ, 1917ರಲ್ಲಿ, ಹೇಸರಗತ್ತೆಯವರಿಗೂ ಗಾಯಾಳು ಹೊರುವವರಿಗೂ ಸಿಪಾಯಿಯ ಸಮ ಕೊಟ್ಟರು. ಅಡಿಗೆ, ನೀರು, ಲಾಯ, ಕಕ್ಕಸಿನವರನ್ನು ಕೆಳಗೇ ಬಿಟ್ಟರು. ಹಿಂಬಾಲಕರಲ್ಲೂ ಮೇಲು ಕೀಳು. ಗುಂಡಿಗೆ ಜಾತಿ ಇರಲಿಲ್ಲ, ಸಂಬಳದ ಪುಸ್ತಕಕ್ಕೆ ಇತ್ತು.

ಕಡಲು ದಾಟಿದರೆ ಜಾತಿ ಕೆಡುತ್ತದೆ ಅನ್ನೋ ಭಯ ಮೇಲ್ಜಾತಿ ಸಿಪಾಯಿಗಳಿಗಿತ್ತು. ಅವರ ಅಡಿಗೆ ಬೇರೆ, ನೀರು ಬೇರೆ ಅಂತ ಸರ್ಕಾರ ಮುತುವರ್ಜಿ ವಹಿಸಿತು. ಇಂಗ್ಲೆಂಡಿನ ಬ್ರೈಟನ್ ಅರಮನೆಯನ್ನು ಇಂಡಿಯಾದ ಗಾಯಾಳುಗಳಿಗೆ ಆಸ್ಪತ್ರೆ ಮಾಡಿದಾಗ ಅಲ್ಲಿ ಒಂಬತ್ತು ಅಡಿಗೆಮನೆ ನಡೆಸಿದರು. ಏಳು ಸಮುದ್ರ ದಾಟಿದರೂ ಅಗ್ರಹಾರ ಅಗ್ರಹಾರವೇ, ಕೇರಿ ಕೇರಿಯೇ. ಕಡಲು ಮುಟ್ಟಿ ಜಾತಿ ಕೆಡಿಸಿಕೊಳ್ಳೋಕೆ ಮೊದಲು ಜಾತಿ ಅನ್ನೋ ಆಸ್ತಿ ಇರಬೇಕಲ್ಲ! ಅದಿಲ್ಲದವನು ಪೊರಕೆ ಹಿಡಿದು ಹಡಗು ಹತ್ತಿದ.

ಹಾಗೆ ಹತ್ತಿದ ಒಬ್ಬನ ಹೆಸರು ಮಾತ್ರ ನಮಗೆ ಉಳಿದಿದೆ. ಸುಖಾ. ಬರೇಲಿ ಊರಿನವನು, ಜಾಡಮಾಲಿ. ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್ ಎಂಬ ಹಳ್ಳಿಯ ಬಳಿ ಇದ್ದ ಇಂಡಿಯಾದವರ ಆಸ್ಪತ್ರೆಯಲ್ಲಿ ಕೆಲಸ. 1915ರ ಜನವರಿಯಲ್ಲಿ ಕಾಯಿಲೆ ಬಿದ್ದು ಸತ್ತ. ಹೆಣ ಏನು ಮಾಡೋದು? ಅಸ್ಪೃಶ್ಯ, ನಮ್ಮವರ ಜೊತೆ ಸುಡೋದು ಬೇಡ ಅಂದರು ಹಿಂದೂಗಳು. ನಮ್ಮ ಮತದವನಲ್ಲ, ನಮ್ಮ ಮಣ್ಣಲ್ಲಿ ಬೇಡ ಅಂದರು ಮುಸಲ್ಮಾನರು. ಕೊನೆಗೆ ಆ ಹಳ್ಳಿಯ ಪಾದ್ರಿ ತಮ್ಮ ಚರ್ಚಿನ ಅಂಗಳದಲ್ಲೇ ಗುಂಡಿ ತೋಡಿಸಿ ಮಣ್ಣು ಮಾಡಿಸಿದ. ಊರಿನವರು ವಂತಿಗೆ ಎತ್ತಿ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಇವತ್ತಿಗೂ ಇದೆ.

ಅವನನ್ನು ಹಡಗು ಹತ್ತಿಸಿದ ಸಾಮ್ರಾಜ್ಯವೂ ಇಂಗ್ಲಿಷರದೇ, ಮಣ್ಣು ಕೊಟ್ಟ ಪಾದ್ರಿಯೂ ಇಂಗ್ಲಿಷಿನವನೇ. ಆದ್ದರಿಂದ ಇಂಗ್ಲಿಷರನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅವರ ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ವರದಿ ಕೊಟ್ಟು ತಪ್ಪು ಒಪ್ಪಿಕೊಂಡಿದೆ. ಆಫ್ರಿಕಾ, ಇಂಡಿಯಾ ಮುಂತಾದ ಕಡೆಯ ಕನಿಷ್ಠ 1 ಲಕ್ಷ 16 ಸಾವಿರ ಸತ್ತವರನ್ನು, ಬಹುಶಃ ಮೂರೂವರೆ ಲಕ್ಷದವರೆಗೆ, ಹೆಸರಿಟ್ಟು ನೆನೆದಿಲ್ಲ ಅಥವಾ ನೆನೆದೇ ಇಲ್ಲ ಅಂತ. ನೂರು ವರ್ಷದ ಮೇಲಾದರೂ ಅವರು ಲೆಕ್ಕ ತೆಗೆದರು. ನಾವು?

*

ಎರಡನೇ ಯುದ್ಧದಲ್ಲೂ ಮೈಸೂರಿನ ಆಳು ಹೊರಟ. 1938ರ ಏಪ್ರಿಲಿನಲ್ಲಿ ನಮ್ಮ ಮದ್ದೂರಿನ ಶಿವಪುರದಲ್ಲಿ ಬಾವುಟ ಹಾರಿಸಬೇಡಿ ಅಂತ ನಿಷೇಧ ಹಾಕಿದ ಸರ್ಕಾರವೇ, ಇನ್ನೊಬ್ಬರ ಬಾವುಟ ಕಾಯಲು ತನ್ನ ಪಡೆಯನ್ನು ಮಲಯಕ್ಕೆ ಕಳಿಸಿತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಜಪಾನಿಯರಿಗೆ ಸೆರೆಸಿಕ್ಕವರಲ್ಲಿ ಮೈಸೂರು ಇನ್‌ಫೆಂಟ್ರಿಯವರೂ ಇದ್ದರು. ಅಲ್ಲೂ ಅಡಿಗೆಯವನು, ನೀರಿನವನು, ಜಾಡಮಾಲಿ ಜೊತೆಗಿದ್ದೇ ಇರುತ್ತಾರೆ. ಸೈನ್ಯ ನಡೆಯುವುದು ಹೊಟ್ಟೆಯ ಮೇಲೆ ಅನ್ನುತ್ತಾರೆ. ಹೊಟ್ಟೆ ತುಂಬಿಸಿದವನೂ ಹೊಲಸು ಬಳಿದವನೂ ಸೈನಿಕರಲ್ಲವಂತೆ.

ಅಯ್ಯೋ ಬಿಡಿ ಸಾರ್, ಸತ್ತು ಮಣ್ಣಾದವರ ಹೆಸರು ಈಗ ತಗೊಂಡು ಏನ್ ಮಾಡಾನ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಕಲ್ಲಿನಿಂದ ಹಸಿವು ನೀಗಲ್ಲ, ನಿಜ. ಆದರೆ ಆತಕೂರಿನ ಕಲ್ಲನ್ನು ಮತ್ತೊಮ್ಮೆ ನೋಡಿ. ಕಲ್ಲಿನ ಜೊತೆಗೆ ಭೂಮಿ ಬಿಟ್ಟರು. ಹೆಸರು ಇದ್ದಲ್ಲಿಗೆ ಭೂಮಿ ಬರುತ್ತದೆ, ಪಿಂಚಣಿ ಬರುತ್ತದೆ, ಮಕ್ಕಳಿಗೆ ಶಾಲೆ ಬರುತ್ತದೆ. ಅಂಬೇಡ್ಕರರ ತಂದೆಗೆ ಪಲ್ಟನ್ನಿನ ಪಟ್ಟಿಯಲ್ಲಿ ಹೆಸರಿತ್ತು. ಅದರಿಂದ ಅವರಿಗೆ ಅಕ್ಷರ ಸಿಕ್ಕಿತು, ಅವರ ಮಗನಿಗೆ ಶಾಲೆ ಸಿಕ್ಕಿತು, ಆ ಮಗನಿಂದ ಈ ದೇಶಕ್ಕೆ ಸಂವಿಧಾನ ಸಿಕ್ಕಿತು. ಮಹಾರರ ಭರ್ತಿ ನಿಲ್ಲಿಸಿದವರು ಬರೀ ಸಂಬಳ ನಿಲ್ಲಿಸಲಿಲ್ಲ, ಇಂಥ ಎಷ್ಟೋ ಮಕ್ಕಳ ಶಾಲೆಯ ಬಾಗಿಲನ್ನೇ ಮುಚ್ಚಿದರು. ಹೆಸರಿಲ್ಲದವನು ಎಲ್ಲ ಲೆಕ್ಕದಿಂದಲೂ ಆಚೆಗೇ ಉಳಿಯುತ್ತಾನೆ. ಇದು ಗೌರವದ ಪ್ರಶ್ನೆ ಮಾತ್ರ ಅಲ್ಲ, ರೊಟ್ಟಿಯ ಪ್ರಶ್ನೆ, ಮಣ್ಣಿನ ಪ್ರಶ್ನೆ.

ಮಣ್ಣಿನ ಪ್ರಶ್ನೆ ಅಂದೆ. ಸುಖಾನಿಗೆ 1915ರಲ್ಲಿ ಪರದೇಶದ ಹಳ್ಳಿಯಲ್ಲಿ ಮೂರು ಮೊಳ ಜಾಗ ಸಿಕ್ಕಿತು. ಇವತ್ತಿಗೂ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಕೇರಿಯಲ್ಲಿ ಸಾವಾದರೆ ಹೂಳೋಕೆ ಜಾಗ ಇಲ್ಲ. ಹಳ್ಳದ ದಡದಲ್ಲಿ, ರಸ್ತೆ ಬದಿಯಲ್ಲಿ, ಜಮೀನ್ದಾರನ ಬದುವಿನಲ್ಲಿ ಬೇಡಿಕೊಂಡು ಹೂಳುತ್ತಾರೆ. ಹೈಫಾಕ್ಕೆ ವೃತ್ತ ಕೊಟ್ಟ ದೇಶ ಕೇರಿಗೆ ಸ್ಮಶಾನ ಕೊಡಬಾರದೆ?

ಮೇಷ್ಟ್ರುಗಳಿಗೆ ಒಂದು ಮಾತು. ಪಾಠದಲ್ಲಿ ಯುದ್ಧ ಬಂದಾಗ ಇಸವಿ ಹೇಳಿ, ದೊರೆ ಹೆಸರು ಹೇಳಿ, ಪರೀಕ್ಷೆಗೆ ಬೇಕು. ಅದಾದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಕುದುರೆ ಹಿಡಿದವನು ಯಾರು, ಮೂಟೆ ಹೊತ್ತವನು ಯಾರು? ವಿದ್ಯಾರ್ಥಿ ಗೆಳೆಯರು ಊರಿಗೆ ಹೋದಾಗ ಹಟ್ಟಿಯ ಹಿರಿಯರ ಹತ್ತಿರ ಕೂತು ಕೇಳಿ: ನಮ್ಮ ತಾತಂದಿರಲ್ಲಿ ಯಾರಾದರೂ ದಂಡಿಗೆ ಹೋಗಿದ್ದರಾ, ಹಡಗು ಹತ್ತಿದ್ದರಾ, ಮರಳಿ ಬಂದರಾ? ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಹೆಸರು ಸಿಕ್ಕರೂ ಸಾಕು.

ಬರೆಯುವಾಗ ಅದರ ಮುಂದೆ ಹಿಂಬಾಲಕ ಅಂತ ಮಾತ್ರ ಬರೆಯಬೇಡಿ.